ಬೆಳಗಿನ ಎಂಟು ಗಂಟೆಗೆ ನಾಲ್ಕು ಸೈಕಲ್

ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಸನಾವುಲ್ಲಾ ಅವರ ಬಾಡಿಗೆ ಸೈಕಲ್ ಅಂಗಡಿ ಇತ್ತು. ಅಂಗಡಿ ಎಂದರೆ ಎಂಟಡಿ ಅಗಲದ ಒಂದು ಶೆಡ್ಡು, ಅದರ ಮುಂದೆ ಚರಂಡಿಗೆ ಹಾಸಿದ ಕಲ್ಲುಚಪ್ಪಡಿ. ಚಪ್ಪಡಿಯ ಮೇಲೆ ಸೈಕಲ್ಲುಗಳು ಒಂದರ ಹ್ಯಾಂಡಲ್ಲಿಗೆ ಇನ್ನೊಂದನ್ನು ತಾಗಿಸಿಕೊಂಡು ನಿಂತಿರುತ್ತಿದ್ದವು. ಆ ಅಂಗಡಿಯ ಕ್ರಮವನ್ನು ನಾನು 1991ರ ಡೈರಿಯಲ್ಲಿ ಎರಡು ಪುಟ ಬರೆದಿಟ್ಟುಕೊಂಡಿದ್ದೇನೆ. ಆಗ ಅವರ ಬಳಿ ಇಪ್ಪತ್ತನಾಲ್ಕು ಸೈಕಲ್ಲುಗಳಿದ್ದವು. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಸಂಖ್ಯೆ. ಮುಂಗಡ ಕೇಳುತ್ತಿರಲಿಲ್ಲ, ವಿಳಾಸ ಬರೆದುಕೊಳ್ಳುತ್ತಿರಲಿಲ್ಲ. ಹೊಸಬರು ಮಾತ್ರ ಮೊದಲ ಸಲ ಹಳೆಯ ಗಿರಾಕಿಯೊಬ್ಬರನ್ನು ಜೊತೆಗೆ ಕರೆತರಬೇಕಿತ್ತು. ಅಲ್ಲಿಂದ ಮುಂದೆ ಆ ಹೊಸಬರು ಎಷ್ಟೇ ವರ್ಷ ಬಂದರೂ ಸನಾವುಲ್ಲಾ ಅವರ ಲೆಕ್ಕದಲ್ಲಿ ‘ಬೇಕರಿಯವರ ಕಡೆಯವರು’ ಅಥವಾ ‘ನರ್ಸಮ್ಮನ ಕಡೆಯವರು’ ಆಗಿಯೇ ಉಳಿಯುತ್ತಿದ್ದರು.

ಸೈಕಲ್ ಕೊಡುವ ಮೊದಲು ಅವರು ಮೂರು ಕೆಲಸ ಮಾಡುತ್ತಿದ್ದರು. ಎರಡೂ ಟೈರುಗಳನ್ನು ಹೆಬ್ಬೆರಳಿನಿಂದ ಒತ್ತುವುದು, ಪೆಡಲನ್ನು ಒಮ್ಮೆ ಹಿಂದಕ್ಕೆ ತಿರುಗಿಸಿ ಚೈನಿನ ಸದ್ದು ಕೇಳುವುದು, ಬ್ರೇಕು ಹಿಡಿದು ಸೈಕಲನ್ನು ಮುಂದಕ್ಕೆ ನೂಕಿ ನೋಡುವುದು. ವಾಪಸು ಬಂದಾಗಲೂ ಅದೇ ಮೂರು. ಅವರಿಗೆ ಕೆಲಸ ಕಲಿಸಿದ ಉಸ್ತಾದರ ನಿಯಮವೊಂದಿತ್ತು: ಬಾಡಿಗೆಗೆ ಹೋದ ಸೈಕಲ್ಲು ಎಲ್ಲಿಗಾದರೂ ಹೋಗಲಿ, ಕತ್ತಲಾಗುವಷ್ಟರಲ್ಲಿ ತನ್ನ ಅಂಗಡಿಗೆ ಬಂದು ಮಲಗಬೇಕು. ಬಾರದಿದ್ದರೆ ಹುಡುಕಿಕೊಂಡು ಹೋಗಬೇಕು. ಒಮ್ಮೆ ಹದಿನೇಳನೆಯ ಸಂಖ್ಯೆಯ ಸೈಕಲ್ಲನ್ನು ಹುಡುಕುತ್ತ ಅವರು ಕಗ್ಗದಾಸಪುರದವರೆಗೆ ಹೋಗಿದ್ದರಂತೆ. ಆಗಿನ್ನೂ ಅದು ಹಳ್ಳಿ. ಬಾಡಿಗೆಗೆ ಒಯ್ದವನು ಜ್ವರ ಬಂದು ತನ್ನ ಮಾವನ ಮನೆಯಲ್ಲಿ ಮಲಗಿದ್ದ. ಸೈಕಲ್ಲು ಆ ಮನೆಯ ಕೊಟ್ಟಿಗೆಯಲ್ಲಿ, ಎಮ್ಮೆಯ ಪಕ್ಕದಲ್ಲಿ, ಗೋಣಿಚೀಲ ಹೊದ್ದು ನಿಂತಿತ್ತು. ಇದನ್ನು ಹೇಳುವಾಗ ಸನಾವುಲ್ಲಾ ಅವರಿಗೆ ಜ್ವರ ಬಂದವನ ನೆನಪಿಗಿಂತ ಗೋಣಿಚೀಲ ಹೊದಿಸಿದವರ ಮೇಲಿನ ಗೌರವ ಹೆಚ್ಚಾಗಿತ್ತು.

ಹತ್ತು ವರ್ಷಗಳಲ್ಲಿ ಬಾಡಿಗೆ ಸೈಕಲ್ ಕೇಳುವವರು ವಿರಳವಾದರು. ಮೊಪೆಡ್ಡುಗಳು ಬಂದವು, ಕಂತಿನ ಮೇಲೆ ಮೋಟಾರ್‌ಸೈಕಲ್ಲುಗಳು ಬಂದವು. 2007ರ ಕೊನೆಗೆ ಚಪ್ಪಡಿಯ ಮೇಲೆ ಉಳಿದದ್ದು ಹನ್ನೊಂದು ಸೈಕಲ್. ಅಳಿಯ ಮೊಹ್ಸಿನ್‌ಗೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆ ಅಂಗಡಿ. ಬಾಗಿಲ ಬಳಿ ಒಂದು ಕುರ್ಚಿ ಹಾಕಿಸುತ್ತೇನೆ, ಬಂದು ಕುಳಿತುಕೊಂಡರೆ ಸಾಕು ಎಂದು ಅವನು ವರ್ಷದಿಂದ ಕರೆಯುತ್ತಿದ್ದ. ಪ್ರೀತಿಯ ಕರೆಯೇ. ಆದರೆ ಸನಾವುಲ್ಲಾ ನನ್ನೊಡನೆ ಹೇಳಿದ್ದು ಹೀಗೆ: “ಅಲ್ಲಿ ಕೂತ್ರೆ ಎಲ್ಲಾರೂ ಸಲಾಂ ಹೇಳ್ತಾರೆ ಸರ್. ಯಾರೂ ಏನೂ ಕೇಳಲ್ಲ.”

ಮೆಟ್ರೋ ಕೆಲಸಕ್ಕಾಗಿ ರಸ್ತೆಗಳನ್ನು ಅಗೆಯಲಾರಂಭಿಸಿದ್ದ ದಿನಗಳವು. ಹಲಸೂರಿನಿಂದ ಇಂದಿರಾನಗರಕ್ಕೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ತಲುಪೀತೆಂದು ಕಂಡಕ್ಟರೂ ಹೇಳಲಾರ. ಇಂದಿರಾನಗರದ ಕೆಲವು ನಿವಾಸಿಗಳು ಸೇರಿ ಒಂದು ಸಂಚಾರ ವೇದಿಕೆ ಮಾಡಿಕೊಂಡಿದ್ದರು. ಅದರಲ್ಲಿ ನಾನೂ ಒಬ್ಬ. ಕಾರ್ಯದರ್ಶಿ ಶ್ರೀನಾಥ್, ಕೆ.ಆರ್. ಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಹೊರದೇಶದ ನಗರಗಳಲ್ಲಿ ಜನ ಒಂದು ಸ್ಟ್ಯಾಂಡಿನಲ್ಲಿ ಸೈಕಲ್ ತೆಗೆದುಕೊಂಡು ಇನ್ನೊಂದು ಸ್ಟ್ಯಾಂಡಿನಲ್ಲಿ ಬಿಟ್ಟು ಹೋಗುತ್ತಾರೆಂದು ಅವರು ಓದಿದ್ದರು. ಶಿವಾಜಿನಗರ, ಹಲಸೂರು ಕೆರೆಯ ದಂಡೆ, ಇಂದಿರಾನಗರ, ಈ ಮೂರು ಕಡೆ ಸ್ಟ್ಯಾಂಡು ಮಾಡಿ ಮೂರು ತಿಂಗಳು ಪರೀಕ್ಷಿಸೋಣವೆಂದು ತೀರ್ಮಾನವಾಯಿತು. ನಡೆಸುವವರು ಯಾರೆಂಬ ಪ್ರಶ್ನೆ ಬಂದಾಗ ನಾನು ಸನಾವುಲ್ಲಾ ಅವರ ಹೆಸರು ಹೇಳಿದೆ.

ಶ್ರೀನಾಥ್ ನಕ್ಷೆ ಬರೆದು ಸನಾವುಲ್ಲಾ ಅವರಿಗೆ ಯೋಜನೆಯನ್ನು ವಿವರಿಸಿದರು. ಸನಾವುಲ್ಲಾ ಮೊದಲಿನಿಂದ ಕೊನೆಯವರೆಗೆ ಕೇಳಿ ಒಂದೇ ಪ್ರಶ್ನೆ ಕೇಳಿದರು.

“ರಾತ್ರಿ ಅದು ಎಲ್ಲಿ ಮಲಗುತ್ತೆ?”

“ಎಲ್ಲಿದೆಯೋ ಅಲ್ಲೇ,” ಎಂದರು ಶ್ರೀನಾಥ್. ಸನಾವುಲ್ಲಾ ನಕ್ಷೆಯ ಕಡೆ ಇನ್ನೊಮ್ಮೆ ನೋಡಿದರು. ಒಪ್ಪಿದರು, ಆದರೆ ಆ ಉತ್ತರವನ್ನು ಅವರು ಒಪ್ಪಿರಲಿಲ್ಲವೆಂಬುದು ನನಗೆ ಗೊತ್ತಾದದ್ದು ಆಮೇಲೆ.

ಷರತ್ತು ಸರಳವಾಗಿತ್ತು. 2008ರ ಏಪ್ರಿಲ್ ಒಂದರಿಂದ ಜೂನ್ ಮೂವತ್ತರವರೆಗೆ, ಪ್ರತಿದಿನ ಬೆಳಿಗ್ಗೆ ಎಂಟು ಗಂಟೆಗೆ, ಮೂರು ಸ್ಟ್ಯಾಂಡುಗಳಲ್ಲಿಯೂ ಕನಿಷ್ಠ ನಾಲ್ಕು ಸೈಕಲ್ ಇರಬೇಕು. ಯಾವುದೇ ಒಂದು ಸ್ಟ್ಯಾಂಡಿನಲ್ಲಿ ಕಡಿಮೆ ಬಿದ್ದರೂ ಆ ದಿನ ತಪ್ಪಿದ ದಿನ. ಹತ್ತು ದಿನಗಳವರೆಗೆ ತಪ್ಪಬಹುದು. ಹನ್ನೊಂದನೆಯ ಸಲ ತಪ್ಪಿದರೆ ಯೋಜನೆ ಅಲ್ಲಿಗೆ ಮುಗಿಯುತ್ತದೆ. ಮುಗಿದರೆ ಸೈಕಲ್ಲುಗಳನ್ನು ಗುಜರಿಗೆ ಹಾಕಿ ಮೊಹ್ಸಿನ್ ಅಂಗಡಿಯ ಕುರ್ಚಿಗೆ ಹೋಗುವುದೆಂದು ಸನಾವುಲ್ಲಾ ಮನೆಯಲ್ಲಿ ಮಾತು ಕೊಟ್ಟಿದ್ದರು. ನಡೆದರೆ ಒಂದು ವರ್ಷದ ಕರಾರು. ಅವರಿಗೆ ಆಗ ಐವತ್ತೇಳು.

ವೇದಿಕೆ ಕೊಡಿಸಿದ ಹತ್ತೊಂಬತ್ತು ಹಳೆಯ ಸೈಕಲ್ಲುಗಳನ್ನು ಅವರ ಹನ್ನೊಂದಕ್ಕೆ ಸೇರಿಸಿ ಮೂವತ್ತಾಯಿತು. ಹಲಸೂರಿನ ಸ್ಟ್ಯಾಂಡು ನೋಡಿಕೊಳ್ಳಲು ಕೆರೆಯ ದಂಡೆಯ ಮರದಡಿ ಪಂಕ್ಚರ್ ಹಾಕುತ್ತಿದ್ದ ಬಸಣ್ಣ, ಇಂದಿರಾನಗರಕ್ಕೆ ಸನಾವುಲ್ಲಾ ಅವರ ಪತ್ನಿ ಸುರಯ್ಯಾ ಅವರ ತಮ್ಮ ಕರೀಂ. ಸದಸ್ಯರಿಗೆ ರಟ್ಟಿನ ಕಾರ್ಡು. ಒಂದು ಪ್ರಯಾಣಕ್ಕೆ ಒಂದು ತೂತು. ಆರಂಭದ ದಿನ ಹೋಗಿ ನೋಡಿದರೆ ಸನಾವುಲ್ಲಾ ಮಡ್‌ಗಾರ್ಡುಗಳಿಗೆಲ್ಲ ಬಣ್ಣ ಬಳಿದಿದ್ದರು. ಶಿವಾಜಿನಗರದ ಹತ್ತು ಹಸಿರು, ಹಲಸೂರಿನ ಹತ್ತು ಬಿಳಿ, ಇಂದಿರಾನಗರದ ಹತ್ತು ಹಳದಿ. ನೋಡಲು ಚೆನ್ನಾಗಿತ್ತು. ನಾವೆಲ್ಲ ಹೊಗಳಿದೆವು.

ಕೆಲಸಕ್ಕೆ ಹೋಗುವ ದಾರಿಯಾದ್ದರಿಂದ ಶಿವಾಜಿನಗರದ ಬೆಳಗಿನ ಎಣಿಕೆ ನನ್ನ ಪಾಲಿಗೆ ಬಂದಿತ್ತು. ಮೊದಲ ಮೂರು ವಾರಗಳಲ್ಲಿ ಆರು ದಿನ ತಪ್ಪಿತು. ಆರೂ ಸಲ ಕಡಿಮೆ ಬಿದ್ದದ್ದು ಶಿವಾಜಿನಗರದಲ್ಲಿ. ಇದು ವಿಚಿತ್ರವಾಗಿತ್ತು, ಏಕೆಂದರೆ ಅತಿ ಹೆಚ್ಚು ದುಡಿಯುತ್ತಿದ್ದವರು ಸನಾವುಲ್ಲಾ ಅವರೇ. ಒಂದು ಸೈಕಲ್ಲಿನ ಮೇಲೆ ಕುಳಿತು, ಇನ್ನೊಂದರ ಹ್ಯಾಂಡಲನ್ನು ಎಡಗೈಯಲ್ಲಿ ಹಿಡಿದು, ಎರಡನ್ನೂ ಜೋಡೆತ್ತಿನಂತೆ ಓಡಿಸಿಕೊಂಡು ಹೋಗುವುದು ಅವರಿಗೆ ಸಲೀಸು. ದಿನವೂ ಸಂಜೆ ಸೇಂಟ್ ಜಾನ್ಸ್ ರಸ್ತೆಯಲ್ಲಿ ಹೀಗೆ ಎರಡು ಒಯ್ಯುತ್ತಿದ್ದರು, ಎರಡು ತರುತ್ತಿದ್ದರು. ಕೆರೆಯ ಕಡೆಗೆ ಇಳಿಜಾರು, ಬರುವಾಗ ಏರು. ಕಡಿದಾದ ಕಡೆ ಇಳಿದು ಎರಡನ್ನೂ ತಳ್ಳುತ್ತಿದ್ದರು. ಇಷ್ಟಾದರೂ ಬೆಳಿಗ್ಗೆ ಮೂರೇ ಸೈಕಲ್.

ಏಪ್ರಿಲ್ ಇಪ್ಪತ್ತೆರಡರ ಸಂಜೆ ಕಾರಣ ತಿಳಿಯಿತು. ಅದನ್ನು ಕಂಡುಹಿಡಿದವರು ಶ್ರೀನಾಥರೂ ಅಲ್ಲ, ನಾನೂ ಅಲ್ಲ. ಸುರಯ್ಯಾ ಮನೆಯಲ್ಲಿಯೇ ಸಮಾರಂಭಗಳಿಗೆ ತಟ್ಟೆ ಲೋಟಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಆ ದಿನ ಅಂಗಡಿಯ ಮುಂದೆ ಲೋಟಗಳನ್ನು ಒರೆಸುತ್ತ ಕುಳಿತಿದ್ದರು. ನಾನು ಹೋದಾಗ ಸ್ಟ್ಯಾಂಡಿನಲ್ಲಿ ಮೂರು ಸೈಕಲ್ಲುಗಳಿದ್ದವು, ಎರಡು ಬಿಳಿ, ಒಂದು ಹಸಿರು. ಸನಾವುಲ್ಲಾ ಎರಡೂ ಬಿಳಿಯವನ್ನು ಹಲಸೂರಿಗೆ ಒಯ್ದು, ಮುಕ್ಕಾಲು ಗಂಟೆಯ ಮೇಲೆ ಎರಡು ಹಸಿರನ್ನು ಹತ್ತಿಸಿಕೊಂಡು ಬಂದರು. ಚಪ್ಪಡಿಯ ಮೇಲೆ ಕುಳಿತು ಮಂಡಿ ಒತ್ತಿಕೊಳ್ಳತೊಡಗಿದರು.

“ಹೋಗೋವಾಗ ಮೂರು, ಬಂದ್ಮೇಲೂ ಮೂರು,” ಎಂದರು ಸುರಯ್ಯಾ, ನನ್ನ ಕಡೆ ನೋಡಿ. “ನಡುವೆ ಇವರ ಮಂಡಿ ಮಾತ್ರ ಹೋಯ್ತು.”

ಸನಾವುಲ್ಲಾ ತಲೆಯೆತ್ತಲಿಲ್ಲ. ಬಿಳಿಯವು ಬಸಣ್ಣನವು, ಹಸಿರು ನಮ್ಮವು. ಅವರವರ ಮನೆಗೆ ಸೇರಿಸಬೇಡವೇ ಎಂದರು.

“ನಾನು ಮದುವೆಗೆ ಇನ್ನೂರು ಲೋಟ ಕೊಡ್ತೀನಿ. ವಾಪಸ್ ಬಂದಾಗ ಎಣಿಸ್ತೀನಿ. ಒಂದೊಂದು ಲೋಟದ ಮುಖ ನೋಡ್ತೀನಾ?”

“ಲೋಟಕ್ಕೆ ಬ್ರೇಕ್ ಇರುತ್ತೇನೇ?”

ಸುರಯ್ಯಾ ನಕ್ಕರು. ಆದರೆ ಆ ಮಾತನ್ನು ಸನಾವುಲ್ಲಾ ಹಾಸ್ಯಕ್ಕೆ ಆಡಿರಲಿಲ್ಲ. ಚಹಾ ಕುಡಿಯುವಾಗ ಬಿಡಿಸಿ ಹೇಳಿದರು. ಬಸಣ್ಣ ಒಳ್ಳೆಯವನು, ಆದರೆ ಬ್ರೇಕಿನ ರಬ್ಬರನ್ನು ಅದು ಸವೆದು ಕಬ್ಬಿಣ ಕಿರುಗುಟ್ಟಿದ ಮೇಲೆಯೇ ನೋಡುವವನು. ಹಸಿರು ಸೈಕಲ್ಲು ಅವನ ಮರದಡಿ ಮಲಗಿದರೆ ಬೆಳಿಗ್ಗೆ ಅದನ್ನು ಯಾರು ನೂಕಿ ನೋಡುತ್ತಾರೆ? ಇಳಿಜಾರಿನಲ್ಲಿ ಯಾರಾದರೂ ಬಿದ್ದರೆ ಜವಾಬ್ದಾರಿ ಯಾರದು? ಅವರಿಗೆ ಬಣ್ಣವೆಂದರೆ ಒಡೆತನದ ಗುರುತಲ್ಲ, ಉತ್ತರ ಹೇಳಬೇಕಾದವನ ಗುರುತು. ನಾವು ಹೊಗಳಿದ್ದ ಅಂದಕ್ಕೆ ಇಂಥದೊಂದು ಅರ್ಥವಿರಬಹುದೆಂದು ನಮಗೆ ಹೊಳೆದಿರಲಿಲ್ಲ. ಆದರೆ ಸುರಯ್ಯಾ ಹೇಳಿದ್ದೂ ನಿಜವಾಗಿತ್ತು. ಎರಡು ಬಿಳಿ ಒಯ್ದು ಎರಡು ಹಸಿರು ತರುವವರೆಗೆ ಶಿವಾಜಿನಗರದ ಸಂಖ್ಯೆ ಮೂರನ್ನು ದಾಟುವುದು ಸಾಧ್ಯವೇ ಇರಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಪುಸ್ತಕದಲ್ಲಿ ಏಳನೆಯ ತಪ್ಪು ದಾಖಲಾಯಿತು.

ಅಂದೇ ಮಧ್ಯಾಹ್ನ ಅವರು ಬಸಣ್ಣನ ಮರದಡಿಗೆ ಹೋದರು. ಯಾವ ಬಣ್ಣದ್ದಾದರೂ ಸರಿ, ಯಾರ ಸ್ಟ್ಯಾಂಡಿನಲ್ಲಿ ಮಲಗಿತೋ ಅವರೇ ಬೆಳಿಗ್ಗೆ ಟೈರು, ಚೈನು, ಬ್ರೇಕು ಮೂರನ್ನೂ ನೋಡಿ ಸೀಟಿನ ಕೆಳಗಿನ ಕೊಳವೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುವುದೆಂದು ಮಾತಾಯಿತು. ಬಸಣ್ಣ ಅಡ್ಡಗೆರೆ, ಕರೀಂ ಸೊನ್ನೆ, ಸನಾವುಲ್ಲಾ ಎರಡು ಚುಕ್ಕೆ. ನಾಲ್ಕು ಹಸಿರು ಸೈಕಲ್ಲುಗಳನ್ನು ಅಲ್ಲಿಯೇ ಬಿಟ್ಟು ಹೊರಟ ಸನಾವುಲ್ಲಾ ಎರಡು ಸಲ ಹಿಂತಿರುಗಿ ನೋಡಿದರಂತೆ. ಬಸಣ್ಣ ಅದನ್ನು ವಾರಗಟ್ಟಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ: “ಮಗಳನ್ನ ಬೀಗರ ಮನೇಲಿ ಬಿಟ್ಟು ಹೋಗೋ ಹಾಗೆ ನೋಡ್ತೀರಲ್ಲ ಸಾಬ್, ಊಟ ಹಾಕ್ತೀನಿ ಹೋಗಿ ಅಂದೆ.” ಬ್ರೇಕಿನ ರಬ್ಬರನ್ನು ಮಾತ್ರ ಅವನು ಆ ದಿನದಿಂದ ಮುತುವರ್ಜಿಯಿಂದ ನೋಡಲಾರಂಭಿಸಿದ. ಯಾರ ಅಡ್ಡಗೆರೆ ಎಂದು ಊರಿಗೆಲ್ಲ ಗೊತ್ತಾಗುವ ವ್ಯವಸ್ಥೆಯಲ್ಲಿ ಬೇರೆ ದಾರಿಯಿರಲಿಲ್ಲ.

ಆಮೇಲೆ ನಾಲ್ಕು ವಾರ ಒಂದು ದಿನವೂ ತಪ್ಪಲಿಲ್ಲ. ಸಂಜೆ ಸನಾವುಲ್ಲಾ ಬಸ್ಸಿನಲ್ಲಿ ಬರಿಗೈಯಲ್ಲಿ ಹಲಸೂರಿಗೆ ಹೋಗಿ, ಸಿಕ್ಕಿದ ಬಣ್ಣದ ಎರಡನ್ನು ಹತ್ತಿಸಿಕೊಂಡು ಬರುತ್ತಿದ್ದರು. ಆದರೆ ಸದಸ್ಯರು ಹೆಚ್ಚಿದಂತೆ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಮೇ ತಿಂಗಳ ಹತ್ತೊಂಬತ್ತರಂದು ಮಧ್ಯಾಹ್ನ ಮೂವತ್ತು ಸೈಕಲ್ಲುಗಳಲ್ಲಿ ಹದಿನಾರು ಕೆರೆಯ ದಂಡೆಯಲ್ಲಿದ್ದವು. ಒಂದು ವಾರ ನಾನು ಕಾರ್ಡುಗಳ ತೂತುಗಳನ್ನು ಹೊಂದಿಸಿ ನೋಡಿದೆ. ಶಿವಾಜಿನಗರದಿಂದ ಹಲಸೂರಿಗೆ ಸೈಕಲ್ಲಿನಲ್ಲಿ ಹೋದವರು ತೊಂಬತ್ತೆರಡು. ಅದೇ ದಾರಿಯಲ್ಲಿ ಮೇಲೆ ಬಂದವರು ಮೂವತ್ತೊಂದು. ಉಳಿದವರು ಬಸ್ಸು ಹತ್ತಿದ್ದರು. ಇಂದಿರಾನಗರದಿಂದ ಬರುವವರದೂ ಸ್ವಲ್ಪಮಟ್ಟಿಗೆ ಇದೇ ರೀತಿ. ಪೆಡಲ್ ತುಳಿಯದೆ ಆರು ನಿಮಿಷಗಳಲ್ಲಿ ಕೆಳಗೆ ತಲುಪುವ ರಸ್ತೆಯಲ್ಲಿ ಸೆಕೆಯ ದಿನಗಳಲ್ಲಿ ಬೆವರುತ್ತ ಮೇಲೆ ಬರುವವರು ಯಾರು? ಈ ಭಾಗದ ಮಳೆನೀರು ಯಾವ ದಾರಿಯಲ್ಲಿ ಕೆರೆಗೆ ಸೇರುತ್ತದೋ ಸೈಕಲ್ಲುಗಳೂ ಅದೇ ದಾರಿ ಹಿಡಿದಿದ್ದವು. ನೀರನ್ನು ಹೊತ್ತು ಮೇಲೆ ತರುತ್ತಿದ್ದವರು ಒಬ್ಬರು, ಅವರಿಗೆ ಮಂಡಿನೋವು.

ಮೇ ಕೊನೆಗೆ ಎಂಟನೆಯ, ಒಂಬತ್ತನೆಯ ತಪ್ಪು. ಜೂನ್ ಎರಡು, ಸೋಮವಾರ, ಹತ್ತನೆಯದು. ಇನ್ನು ಒಂದು ದಿನ ತಪ್ಪಿದರೆ ಮುಗಿಯಿತು. ಉಳಿದದ್ದು ಇಪ್ಪತ್ತೆಂಟು ಬೆಳಗು.

ಜೂನ್ ನಾಲ್ಕರಂದು ಶ್ರೀನಾಥ್ ಅವರ ಮನೆಯ ಜಗುಲಿಯಲ್ಲಿ ಸಭೆ ಸೇರಿತು. ಸೈಕಲ್ಲುಗಳನ್ನು ಮೇಲೆ ಸಾಗಿಸಲು ಒಂದು ಗೂಡ್ಸ್ ಆಟೋ ಇಡಬಹುದೆಂದು ಒಬ್ಬರು, ಸೈಕಲ್ಲಿಗಾಗಿ ಡೀಸೆಲ್ ಸುಡುವುದಾದರೆ ಸೈಕಲ್ ಯಾಕೆಂದು ಇನ್ನೊಬ್ಬರು. ಸನಾವುಲ್ಲಾ ಕೊನೆಯಲ್ಲಿ ಮಾತನಾಡಿದರು. ಇಳಿಯುವವರಿಗೆ ತೂತು ಹೊಡೆಯೋಣ, ಮೇಲಕ್ಕೆ ತಂದವರಿಗೆ ಹೊಡೆಯುವುದು ಬೇಡ; ಬದಲಿಗೆ ಕಾರ್ಡಿನ ಮೇಲೆ ಇಂಕಿನ ಸೀಲು ಹಾಕೋಣ, ಒಂದು ಸೀಲಿಗೆ ಒಂದು ಪ್ರಯಾಣ ಬಿಟ್ಟಿ, ಆ ಪ್ರಯಾಣವನ್ನು ಮನೆಯವರು ಯಾರು ಮಾಡಿದರೂ ಸರಿ ಎಂದರು. ಪರೀಕ್ಷೆಯ ನಡುವೆ ನಿಯಮ ಬದಲಿಸಬಾರದೆಂದು ಶ್ರೀನಾಥ್ ವಾದಿಸಿದರು. ಬದಲಿಸುತ್ತಿರುವುದು ಕಾರ್ಡಿನ ನಿಯಮ, ಎಂಟು ಗಂಟೆಯ ಷರತ್ತು ಹಾಗೆಯೇ ಇದೆಯೆಂದು ಉಳಿದವರು ಹೇಳಿದ ಮೇಲೆ ಒಪ್ಪಿದರು. ಆದರೆ ಸೀಲಿನ ಬಗ್ಗೆ ಸಂಶಯ ಬಂದರೆ ತೀರ್ಮಾನ ತಮ್ಮದು ಎಂದರು. ಅಂದಿನಿಂದ ಅವರೂ ಬೆಳಗಿನ ಎಣಿಕೆಗೆ ಶಿವಾಜಿನಗರಕ್ಕೆ ಬರಲಾರಂಭಿಸಿದರು.

ಸೀಲು ಕೆಲಸ ಮಾಡಿತು, ಅಷ್ಟಿಷ್ಟು. ಬೆಳಗಿನ ತಂಪಿನಲ್ಲಿ ಕೆಲವರು ಮೇಲಕ್ಕೂ ತುಳಿದು ಬಂದರು. ದಿನಗಳು ಒಂದೊಂದಾಗಿ ದಾಟಿದವು, ಕೆಲವು ನಾಲ್ಕೇ ಸೈಕಲ್ಲುಗಳಲ್ಲಿ.

ಜೂನ್ ಹದಿನಾರರ ಸಂಜೆ ಜೋರು ಮಳೆ. ಯಾರೂ ಸೈಕಲ್ ಹತ್ತಲಿಲ್ಲ. ಸನಾವುಲ್ಲಾ ಅವರ ಮಂಡಿ ಬೆಳಿಗ್ಗೆಯಿಂದಲೇ ಊದಿಕೊಂಡು ಕಾಲು ಮಡಚಲು ಬಾರದಾಗಿತ್ತು. ಅವರು ಹಲಸೂರಿಗೆ ಹೋಗಲಿಲ್ಲ. ಮರುದಿನ ಮಂಗಳವಾರ ಬೆಳಿಗ್ಗೆ ಏಳೂವರೆಗೆ ನಾನು ಹೋದಾಗ ಚಪ್ಪಡಿಯ ಮೇಲೆ ಎರಡು ಸೈಕಲ್ಲುಗಳಿದ್ದವು. ಏಳು ನಲವತ್ತಕ್ಕೆ ಪ್ರೆಸ್ಸಿನ ಕೆಲಸಗಾರರೊಬ್ಬರು ಒಂದನ್ನು ತುಳಿದು ತಂದು ಸೀಲು ಹಾಕಿಸಿಕೊಂಡು ಹೋದರು. ಮೂರಾಯಿತು. ಸನಾವುಲ್ಲಾ ಕಂಬಕ್ಕೆ ಒರಗಿ ರಸ್ತೆಯ ತಿರುವನ್ನೇ ನೋಡುತ್ತಿದ್ದರು. ಶ್ರೀನಾಥ್ ಗಡಿಯಾರ ನೋಡುತ್ತಿದ್ದರು, ಆದರೆ ಅವರ ಮುಖದಲ್ಲಿಯೂ ಸಂತೋಷವಿರಲಿಲ್ಲ. ಸುರಯ್ಯಾ ಒಳಗಿನಿಂದ ಚಹಾ ತಂದು ಕೊಟ್ಟರು, ಯಾರೂ ಕುಡಿಯಲಿಲ್ಲ.

ಏಳು ಐವತ್ತೈದಕ್ಕೆ ತಿರುವಿನಲ್ಲಿ ಬಿಳಿ ಮಡ್‌ಗಾರ್ಡಿನ ಸೈಕಲ್ಲೊಂದು ಕಾಣಿಸಿತು. ಅದರ ಕ್ಯಾರಿಯರಿನ ಮೇಲೆ ಬಾಳೆಎಲೆಯ ದೊಡ್ಡ ಕಟ್ಟು, ಪಕ್ಕದಲ್ಲಿ ಅದನ್ನು ತಳ್ಳಿಕೊಂಡು ಬರುತ್ತಿದ್ದ ನಡುವಯಸ್ಸಿನ ಹೆಂಗಸು. ಹಲಸೂರಿನ ಮಾರಕ್ಕ. ಕಮರ್ಷಿಯಲ್ ಸ್ಟ್ರೀಟಿನ ಆಸುಪಾಸಿನ ಎರಡು ಊಟದ ಹೋಟೆಲುಗಳಿಗೆ ದಿನವೂ ಎಲೆ ಹಾಕುವವರು. ಕಟ್ಟನ್ನು ತಲೆಯ ಮೇಲೆ ಹೊತ್ತು ಬಸ್ಸು ಹತ್ತಿದರೆ ಕಂಡಕ್ಟರ್ ಬೈಯುತ್ತಾನೆಂದು ಮೂರು ದಿನದ ಹಿಂದಷ್ಟೇ ಬಸಣ್ಣನ ಕಡೆಯವರಾಗಿ ಸದಸ್ಯರಾಗಿದ್ದರು. ಅವರಿಗೆ ಸೈಕಲ್ ಹೊಡೆಯಲು ಬಾರದು. ಅವರು ಸೈಕಲ್ ಮೇಲಕ್ಕೆ ತಂದದ್ದು ಅದೇ ಮೊದಲ ದಿನ.

ಮಾರಕ್ಕ ಸೈಕಲನ್ನು ಚಪ್ಪಡಿಯ ಅಂಚಿಗೆ ತಂದು ನಿಲ್ಲಿಸಿ, ಕಾರ್ಡನ್ನು ಮುಂದೆ ಚಾಚಿದರು.

“ಸೀಲು ಹಾಕಿ.”

ಶ್ರೀನಾಥ್ ಕಾರ್ಡು ನೋಡಿ, ಎಲೆಕಟ್ಟು ನೋಡಿ, ಸೌಮ್ಯವಾಗಿಯೇ ಹೇಳಿದರು: ಸೀಲು ಸೈಕಲ್ ತುಳಿದು ಬಂದವರಿಗೆ. ನೀವು ನಡೆದು ಬಂದಿದ್ದೀರಿ. ಇದು ಸಾಮಾನು ಸಾಗಣೆ.

“ಹಂಗಾದ್ರೆ ನಾನು ಇಲ್ಲಿ ಬಿಡಲ್ಲ,” ಎಂದರು ಮಾರಕ್ಕ. “ಸೀಲು ನನಗಲ್ಲ ಸ್ವಾಮಿ, ನನ್ ಮಗಳು ದಿವ್ಯಂಗೆ, ಕಾಲೇಜಿಗೆ ಹೋಗೋಕೆ. ಇಲ್ಲ ಅಂದ್ರೆ ಎಲೆ ಕೊಟ್ಟು ಇದನ್ನ ಹಂಗೇ ವಾಪಸ್ ತಳ್ಕೊಂಡು ಹೋಯ್ತೀನಿ. ಬಸಣ್ಣಂಗೇ ಕೊಡ್ತೀನಿ.” ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಿಯೇ ನಿಂತರು. ಮುಂದಿನ ಚಕ್ರ ಚಪ್ಪಡಿಯಿಂದ ಒಂದು ಗೇಣು ಆಚೆ ಇತ್ತು.

ಸೀಲು ಇದ್ದದ್ದು ಸನಾವುಲ್ಲಾ ಅವರ ಅಂಗಿಯ ಜೇಬಿನಲ್ಲಿ. ನಾನು ಅವರತ್ತ ನೋಡಿದೆ. ಅವರು ಅದನ್ನು ಹೊರತೆಗೆದು ಅಂಗೈಯಲ್ಲಿ ಹಿಡಿದುಕೊಂಡರು, ಒತ್ತಲಿಲ್ಲ. ಸಂಶಯ ಬಂದರೆ ತೀರ್ಮಾನ ಶ್ರೀನಾಥರದೆಂದು ಸಭೆಯಲ್ಲಿ ಅವರೇ ತಲೆದೂಗಿದ್ದರು. ಏಳು ಐವತ್ತೇಳು.

“ಸರ್,” ಎಂದರು ಸನಾವುಲ್ಲಾ. “ನಾನು ದಿನಾ ಸಂಜೆ ಎರಡು ಸೈಕಲ್ ತರ್ತಿದ್ದೆ. ಆ ಏರಿನಲ್ಲಿ ಇಳಿದು ತಳ್ತಾನೇ ಬರ್ತಿದ್ದೆ. ನೀವು ಅದನ್ನ ಎರಡು ಸೈಕಲ್ ಬಂತು ಅಂತ್ಲೇ ಬರ್ಕೊಂಡಿದ್ದೀರಿ. ತುಳಿದ್ಯಾ, ತಳ್ಳಿದ್ಯಾ ಅಂತ ಒಂದು ದಿನಾನೂ ಕೇಳ್ಲಿಲ್ಲ.”

ಶ್ರೀನಾಥ್ ತಮ್ಮ ಕೈಯಲ್ಲಿದ್ದ ಎಣಿಕೆಯ ಹಾಳೆಗಳನ್ನು ಏಪ್ರಿಲ್‌ವರೆಗೆ ಹಿಂದಕ್ಕೆ ತಿರುವಿದರು. ಅವರು ಹುಡುಕುತ್ತಿದ್ದುದು ವಾದಕ್ಕೆ ಆಧಾರವನ್ನಲ್ಲ, ತಾವು ನಿಜವಾಗಿ ಏನು ಬರೆದುಕೊಂಡಿದ್ದೇವೆಂಬುದನ್ನು ಎಂದು ನನಗೆ ತೋರಿತು.

“ಹೊತ್ತಾಯ್ತದೆ ಸ್ವಾಮಿ, ಎಲೆ ಬಾಡ್ತದೆ,” ಎಂದರು ಮಾರಕ್ಕ.

“ಹಾಕಿ,” ಎಂದರು ಶ್ರೀನಾಥ್, ಹಾಳೆಯಿಂದ ಕಣ್ಣು ತೆಗೆಯದೆ.

ಸನಾವುಲ್ಲಾ ಸೀಲು ಒತ್ತಿದರು. ಮಾರಕ್ಕ ಇಂಕು ಒಣಗುವವರೆಗೆ ಊದಿ, ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಲೆಕಟ್ಟನ್ನು ಬಿಚ್ಚಿ ತಲೆಗೇರಿಸಿಕೊಂಡರು. ಸೈಕಲ್ಲು ಚಪ್ಪಡಿ ಹತ್ತಿತು. ಏಳು ಐವತ್ತೊಂಬತ್ತಕ್ಕೆ ನಾನು ನಾಲ್ಕು ಎಂದು ಬರೆದೆ; ಎಂಟಕ್ಕೂ ನಾಲ್ಕೇ. ಎಂಟು ಗಂಟೆ ಎರಡು ನಿಮಿಷಕ್ಕೆ ಒಬ್ಬ ಗುಮಾಸ್ತರು ಬಂದು ಅದೇ ಬಿಳಿ ಸೈಕಲ್ಲನ್ನು ತೆಗೆದುಕೊಂಡು ಇಳಿಜಾರಿನಲ್ಲಿ ಹೋದರು.

ಸನಾವುಲ್ಲಾ ಕುಂಟುತ್ತ ಗಲ್ಲಿಯ ಬಾಯಿಯವರೆಗೆ ಮಾರಕ್ಕನ ಹಿಂದೆ ಹೋದದ್ದನ್ನು ನೋಡಿದೆ. ಅವರು ಕೇಳಿದ್ದು, ಹಲಸೂರಿನಲ್ಲಿ ಎಲೆ, ಹೂವು, ಸೊಪ್ಪು ತಲೆಯ ಮೇಲೆ ಹೊತ್ತು ಬೆಳಿಗ್ಗೆ ಮೇಲೆ ಬರುವವರು ಇನ್ನೂ ಎಷ್ಟು ಮಂದಿ ಇದ್ದಾರೆ ಎಂದು. ಆ ವಾರವೇ ಐದು ಮಂದಿ ಹೆಂಗಸರು ಮಾರಕ್ಕನ ಕಡೆಯವರಾಗಿ ಕಾರ್ಡು ಮಾಡಿಸಿಕೊಂಡರು. ಅವರಲ್ಲಿ ಒಬ್ಬರಿಗೂ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಜೂನ್ ಇಪ್ಪತ್ತರಿಂದ ಮೂವತ್ತರವರೆಗೆ ಶಿವಾಜಿನಗರದ ಬೆಳಗಿನ ಎಣಿಕೆ ಏಳಕ್ಕಿಂತ ಕೆಳಗಿಳಿಯಲಿಲ್ಲ. ಜುಲೈ ಎರಡರಂದು ಸನಾವುಲ್ಲಾ ಒಂದು ವರ್ಷದ ಕರಾರಿಗೆ ಉರ್ದುವಿನಲ್ಲಿ ಸಹಿ ಹಾಕಿದರು. ಮೊಹ್ಸಿನ್ ಆ ಕುರ್ಚಿಯನ್ನು ಸೈಕಲ್ ಅಂಗಡಿಗೇ ಕಳಿಸಿಕೊಟ್ಟ. ಬೆಳಿಗ್ಗೆ ಏಳೂವರೆಗೆ ಮಾವ ಅದರ ಮೇಲೆ ಕುಳಿತು, ಏರು ಹತ್ತಿ ಬರುವ ಸೈಕಲ್ಲುಗಳ ಮೇಲಿನ ಹೂವು, ಸೊಪ್ಪಿನ ಬುಟ್ಟಿಗಳನ್ನು ದೂರದಿಂದಲೇ ಎಣಿಸುತ್ತಿದ್ದರು.